ದಾರ ಇಟ್ಟ ಪುಟಗಳು

ಸೊಸೆ ನಾಲ್ಕು ಉದ್ದನೆಯ ನೋಟ್‌ಬುಕ್ಕುಗಳನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ನಾನು ಆಗ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದೆ. ಸೊಪ್ಪಿನ ಮೇಲೆಯೇ ಇಟ್ಟಳು.

“ಅತ್ತೀ, ಕಾದಂಬರಿ ಬರದೇನ್ರಿ. ನೀವು ಛಲೋ ಐತಿ ಅಂದ್ರ ಧಾರವಾಡಕ್ಕ ಕಳಸ್ತೀನಿ. ಇಲ್ಲಾಂದ್ರ ನೀರೊಲಿಗೆ ಹಾಕ್ತೀನಿ.”

“ನಾ ಸುಳ್ಳ ಹೇಳಾಂಗಿಲ್ಲ ನೋಡ” ಎಂದೆ.

“ಅದಕ್ಕ ನಿಮ್ಮ ಕೈಯಾಗ ಕೊಡಾಕತ್ತೇನಿ.”

ಬೇರೆ ಪ್ರತಿ ಇರಲಿಲ್ಲ. ಎಲ್ಲವೂ ನೀಲಿ ಪೆನ್ನಿನಲ್ಲಿ ಕೈಯಿಂದ ಬರೆದದ್ದು. ಬನಹಟ್ಟಿ ಪೇಟೆಯಲ್ಲಿ ಅವಳಿಗೆ ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡುವ ಸಣ್ಣ ಅಂಗಡಿ ಇದೆ. ಅಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಷಿನ್ನಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಎರಡು ವರ್ಷ ಬರೆದಿದ್ದಾಳೆ. ನನ್ನ ಮಗನಿಗೂ ಗೊತ್ತಿರಲಿಲ್ಲ. ರವಿಕೆಯ ಅಳತೆ ಬರೆದುಕೊಳ್ಳುತ್ತಾಳೆ ಎಂದು ನಾವೆಲ್ಲ ತಿಳಿದಿದ್ದೆವು. ಧಾರವಾಡದ ಒಬ್ಬ ಪ್ರಕಾಶಕರು, ಹೊಸಬರು ಬರೆದ ಕಾದಂಬರಿ ಬೇಕು, ದೀಪಾವಳಿಯೊಳಗೆ ಕಳಿಸಿ ಎಂದು ಪೇಪರಿನಲ್ಲಿ ಹಾಕಿಸಿದ್ದರಂತೆ. ದೀಪಾವಳಿಗೆ ಮೂರು ವಾರ ಉಳಿದಿತ್ತು.

ಅವಳು ಹೇಳಿದ್ದನ್ನು ಮಾಡುವವಳು. ಮದುವೆಯಾಗಿ ಬಂದ ವರ್ಷ, ತಾನು ನೇಯ್ದ ಬಾಗಿಲುತೋರಣ ವಾರೆಯಾಗಿದೆ ಎಂದು ನಾನು ಅಂದದ್ದಕ್ಕೆ ಅದನ್ನು ಪೂರಾ ಬಿಚ್ಚಿ ಎಳೆ ಎಳೆ ಮಾಡಿಟ್ಟಿದ್ದಳು. ಹಾಗಾಗಿ ನೀರೊಲೆಯ ಮಾತು ತಮಾಷೆಯಲ್ಲ ಎಂದು ನನಗೆ ಗೊತ್ತಿತ್ತು.

ನನ್ನ ಮಾತಿಗೆ ಇಷ್ಟು ತೂಕ ಯಾಕೆ ಬಂತು ಎನ್ನುವುದನ್ನು ಹೇಳಬೇಕು. ನಾನು ಓದಿದ್ದು ನಾಲ್ಕನೇ ಇಯತ್ತೆ. ಐದನೆಯದಕ್ಕೆ ಕಳಿಸುವ ಹೊತ್ತಿಗೆ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಕೈ ಕಡಿಮೆ ಬಿತ್ತು, ರಾಟಿಯ ಮುಂದೆ ಕೂಡಿಸಿದರು. ಅದಕ್ಕೆ ಆಗಲೂ ಅಳಲಿಲ್ಲ, ಈಗಲೂ ಅಳುವುದಿಲ್ಲ. ಆಮೇಲೆ ಐವತ್ತು ವರ್ಷ ಓದಿದ್ದು ಎಂದರೆ ಲಗ್ನಪತ್ರಿಕೆ, ಬಸ್ಸಿನ ಬೋರ್ಡು, ಕಿರಾಣಿ ಸಾಮಾನು ಕಟ್ಟಿ ಕೊಟ್ಟ ಪೇಪರು. ಕಣ್ಣಿನ ಪೊರೆ ತೆಗೆಸಿದಾಗ ಡಾಕ್ಟರು, ಇನ್ನು ಏನು ಬೇಕಾದರೂ ಓದಿರಿ ಅಮ್ಮಾ ಎಂದರು. ನನಗೆ ಬೇಕಾದದ್ದು ಏನೂ ಇರಲಿಲ್ಲ. ಸೊಸೆ ಅಂಗಡಿಗೆ ಅಸ್ತರು, ದಾರದ ಉಂಡೆ ತರಲು ಜಮಖಂಡಿಗೆ ಹೋಗುತ್ತಾಳಲ್ಲ, ಅಲ್ಲಿಯ ಗ್ರಂಥಾಲಯದಿಂದ ಒಂದು ಕಾದಂಬರಿ ತಂದು ಕೊಟ್ಟಳು. ಹೊತ್ತು ಹೋಗಲಿ ಎಂದು ಹಿಡಿದೆ. ಬಿಡಲಾಗಲಿಲ್ಲ.

ನಮ್ಮ ಓಣಿಯಲ್ಲಿ ಎರಡೂ ಕಡೆ ಪವರ್‌ಲೂಮ್. ಮಗ್ಗ ನಡೆದಿರುವಾಗ ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ವಾರಕ್ಕೊಮ್ಮೆ ಮಗ್ಗ ಬಂದ್ ಇರುವ ದಿನ ಓಣಿಯ ಹೆಂಗಸರು ನಮ್ಮ ಪಡಸಾಲೆಗೆ ಬರುತ್ತಾರೆ. ಅವರು ಬೇಳೆ ಆರಿಸುತ್ತ, ಬತ್ತಿ ಹೊಸೆಯುತ್ತ ಕೂಡುತ್ತಾರೆ, ನಾನು ಜೋರಾಗಿ ಓದುತ್ತೇನೆ. ಎಲ್ಲ ಓದಿದರೆ ಮುಗಿಯುವುದಿಲ್ಲ. ವಾರದಲ್ಲಿ ನಾನೊಬ್ಬಳೇ ಓದಿ, ಇವರಿಗೆ ಓದಿ ಹೇಳಲೇಬೇಕು ಅನಿಸಿದ ಪುಟ ಹಿಡಿದಿಡುತ್ತೇನೆ. ಮೊದಲು ಪುಟದ ಕಿವಿ ಮಡಚುತ್ತಿದ್ದೆ. ಗ್ರಂಥಾಲಯದವರು ಸೊಸೆಗೆ ಬೈದು ಕಳಿಸಿದರು. ಅಂದಿನಿಂದ ಮಗ್ಗದ ಕೆಳಗೆ ಬಿದ್ದಿರುವ ತುಂಡು ದಾರ ಆರಿಸಿ ತಂದು ಪುಟದ ನಡುವೆ ಇಡುತ್ತೇನೆ. ಪುಸ್ತಕ ವಾಪಸ್ ಕೊಡುವಾಗ ಎಲ್ಲ ಎಳೆದು ತೆಗೆಯುತ್ತೇನೆ. ನಾವು ಕೂಡಿ ಓದುವ ಹೊತ್ತಿಗೆ ಸೊಸೆ ಅಂಗಡಿಯಲ್ಲಿರುತ್ತಾಳೆ, ಹಾಗಾಗಿ ಈ ದಾರದ ವಿಷಯ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ನನಗೂ ಗೊತ್ತಿರಲಿಲ್ಲ.

ಈ ವರ್ಷ ಓದಿದ್ದರಲ್ಲಿ ಮೂರು ಪುಸ್ತಕದ ಬಗ್ಗೆ ಹೇಳುತ್ತೇನೆ. ಹೆಸರು ಹೇಳುವುದಿಲ್ಲ. ನಮ್ಮ ಪಡಸಾಲೆಯಲ್ಲಿ ಪುಸ್ತಕಕ್ಕೆ ಮುಖಪುಟದ ಹೆಸರು ನಡೆಯುವುದಿಲ್ಲ, ನಾವು ಇಟ್ಟ ಹೆಸರೇ ನಡೆಯುತ್ತದೆ.

ಮೊದಲನೆಯದು ಖಾನಾವಳಿ ಪುಸ್ತಕ. ಬಸ್‌ಸ್ಟ್ಯಾಂಡ್ ಹತ್ತಿರ ಖಾನಾವಳಿ ನಡೆಸುವ ಒಬ್ಬ ಹೆಂಗಸು. ಗಂಡ ಬಿಟ್ಟು ಹೋಗಿ ಒಂಬತ್ತು ವರ್ಷ. ಒಂದು ದಿನ ಬಂದು ಮೂರನೇ ಬೆಂಚಿನಲ್ಲಿ ಕೂತು ಊಟ ಮಾಡಿ, ಎಲ್ಲರಂತೆ ರೊಕ್ಕ ಇಟ್ಟು ಹೋಗುತ್ತಾನೆ. ಮರುದಿನ ಮತ್ತೆ ಬರುತ್ತಾನೆ. ದಿನಾ ಬರುತ್ತಾನೆ. ಅವಳು ಯಾಕೆ ಬಂದೆ ಅನ್ನುವುದಿಲ್ಲ, ಅವನು ಹೇಳುವುದಿಲ್ಲ. ಇನ್ನೂರು ಪುಟ ಇಷ್ಟೇ. ಬರೆದವಳು ಎಲ್ಲಿಯೂ ಇವಳ ಮನಸ್ಸು ನೊಂದಿತು, ಎದೆ ಒಡೆಯಿತು ಎಂದು ಬರೆದಿಲ್ಲ. ರೊಟ್ಟಿ ಹೇಗೆ ಹಾಕಿದಳು ಎನ್ನುವುದನ್ನು ಬರೆಯುತ್ತಾಳೆ. ಮೊದಲ ದಿನ ಮೇಲಿಂದ ಬಿಟ್ಟಳು. ಮಳೆಗಾಲ ಬರುವ ಹೊತ್ತಿಗೆ ಬಿಸಿಯದು ನೋಡಿ ಹಾಕುತ್ತಿದ್ದಳು. ಒಂದು ದಿನ ಅವನು ಬರಲಿಲ್ಲ. ಅವಳು ಎರಡು ರೊಟ್ಟಿ ಅರಿವೆಯಲ್ಲಿ ಸುತ್ತಿಟ್ಟಳು, ಮರುದಿನ ತಾನೇ ತಿಂದಳು. ಪುಸ್ತಕ ಮುಗಿಯಿತು.

ಅವನು ಸತ್ತನೋ ಮತ್ತೆ ಓಡಿಹೋದನೋ ಎಂದು ಪಡಸಾಲೆಯಲ್ಲಿ ದೊಡ್ಡ ಜಗಳವಾಯಿತು. ಅವಳು ಒಣಗಿ ಕಟಿಯಾದ ರೊಟ್ಟಿ ತಿಂದಳು, ಅಷ್ಟು ಸಾಕು ಎಂದು ನಾನು ಅಂದೆ. ಆ ಪುಸ್ತಕದಲ್ಲಿ ಒಂದೇ ತಪ್ಪು. ನಲವತ್ತನೆಯ ಪುಟದಲ್ಲಿ ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ನಾದುತ್ತಾಳೆ. ಕುದಿಯುವ ನೀರು ಹಾಕದಿದ್ದರೆ ಬಡಿಯುವಾಗಲೇ ರೊಟ್ಟಿಯ ಅಂಚು ಒಡೆಯುತ್ತದೆ. ಖಾನಾವಳಿ ನಡೆಸುವವಳಿಗೆ ಇದು ಗೊತ್ತಿರುತ್ತದೆ, ಬರೆದವಳಿಗೆ ಗೊತ್ತಿಲ್ಲ. ಆದರೂ ಗಂಡ ಹೆಂಡತಿಯ ವಿಷಯ ಅಷ್ಟು ಚೆನ್ನಾಗಿ ಗೊತ್ತಿರುವವಳಿಗೆ ರೊಟ್ಟಿಯದು ಮಾಫಿ.

ಎರಡನೆಯದು ಸದ್ದು ಹೋದ ಪುಸ್ತಕ. ಒಂದು ಬೆಳಿಗ್ಗೆ ಲೋಕದಲ್ಲಿ ಸದ್ದೇ ಇಲ್ಲದಂತಾಗುತ್ತದೆ. ಕಿವಿ ಕೆಟ್ಟದ್ದಲ್ಲ, ಸದ್ದೇ ಹೋಗಿದೆ. ಗಂಟೆ ಹೊಡೆದರೆ ಕೇಳುವುದಿಲ್ಲ, ಕೂಸು ಅತ್ತರೆ ಕೇಳುವುದಿಲ್ಲ. ಆಗದ ಮಾತು ಅಂತ ಮೊದಲು ಬದಿಗಿಟ್ಟೆ. ಆಮೇಲೆ ಒಂದು ಪುಟ ತಿರುವಿದರೆ, ಊರೆಲ್ಲ ಎದೆ ಹೊಡೆದುಕೊಳ್ಳುತ್ತಿರುವಾಗ ನೂಲಿನ ಗಿರಣಿಯ ಹೆಂಗಸರು ಮಾತ್ರ ಏನೂ ಆಗದವರಂತೆ ಕೈಯಲ್ಲಿ, ತುಟಿಯಲ್ಲಿ ಮಾತಾಡುತ್ತ ಕೆಲಸ ಮಾಡುತ್ತಿದ್ದಾರೆ. ಅವರಿಗೆ ಮೊದಲಿನಿಂದಲೂ ಹಾಗೇ ರೂಢಿ. ಅಲ್ಲಿ ನನ್ನನ್ನು ಹಿಡಿದ. ಬರೆದವನು ಯಾವುದೋ ಮಗ್ಗದ ಮನೆಯಲ್ಲಿ ನಿಂತು ನೋಡಿದ್ದಾನೆ. ನಮ್ಮ ಮನೆಯವರಿಗೆ ಇಪ್ಪತ್ತು ವರ್ಷ ಪವರ್‌ಲೂಮ್ ಓಡಿಸಿ ಕಿವಿ ಹೋಗಿತ್ತು. ಊಟಕ್ಕೆ ಬಾ ಎನ್ನುವುದಕ್ಕೆ ಒಂದು ಕೈ, ಬೀಗರು ಬಂದಿದ್ದಾರೆ ಎನ್ನುವುದಕ್ಕೆ ಒಂದು ಕೈ, ನಿಮ್ಮ ತಂಗಿಯ ಸುದ್ದಿ ಈಗ ಬೇಡ ಎನ್ನುವುದಕ್ಕೂ ಒಂದು ಕೈ ಇತ್ತು. ಆ ಪುಸ್ತಕದಲ್ಲಿ ಕಿವುಡ ಮುದುಕನೊಬ್ಬ ಊರಿಗೆಲ್ಲ ಕೈಮಾತು ಕಲಿಸುವ ಮಾಸ್ತರನಾಗುತ್ತಾನೆ. ನಮ್ಮವರು ಇದ್ದಿದ್ದರೆ ಆ ಊರಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂಡುತ್ತಿದ್ದರು.

ಸದ್ದು ಹೋದ ಮೇಲೂ ಅದರಲ್ಲಿ ಒಬ್ಬ ಮಂತ್ರಿ ವೇದಿಕೆ ಹತ್ತಿ ಒಂದು ತಾಸು ಭಾಷಣ ಮಾಡುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಅದನ್ನು ಓದಿ ಪಡಸಾಲೆಯಲ್ಲಿ ನಕ್ಕ ಹಾಗೆ ನಾವು ಯಾವ ಸಿನಿಮಾಕ್ಕೂ ನಕ್ಕಿಲ್ಲ. ನಡುವಿನ ಸಭೆ, ವರದಿ, ವಿಜ್ಞಾನಿಗಳ ಮೂವತ್ತು ಪುಟ ನಾನು ಹಾರಿಸಿದೆ. ಹಾರಿಸಿದ್ದರಿಂದ ಏನೂ ಕಡಿಮೆಯಾಗಲಿಲ್ಲ. ಅವನೇ ಹಾರಿಸಬಹುದಿತ್ತು.

ಮೂರನೆಯದು ಹೆಪ್ಪಿನ ಪುಸ್ತಕ. ಭೂಮಿ ಬಿಟ್ಟು ದೊಡ್ಡ ಹಡಗಿನಂಥ ವಿಮಾನದಲ್ಲಿ ಬೇರೆ ನಕ್ಷತ್ರಕ್ಕೆ ಹೊರಟ ಜನ. ಮುಟ್ಟುವುದಕ್ಕೆ ಏಳು ತಲೆಮಾರು ಬೇಕು. ಅದರಲ್ಲಿ ಒಂದು ಮನೆತನದ ಹೆಂಗಸರು ಭೂಮಿಯಿಂದ ತಂದ ಮೊಸರಿನ ಹೆಪ್ಪನ್ನು ತಾಯಿಯಿಂದ ಮಗಳಿಗೆ ದಾಟಿಸುತ್ತ ಬರುತ್ತಾರೆ. ನಾಲ್ಕನೇ ತಲೆಮಾರಿನವಳಿಗೆ ಗಂಡುಮಕ್ಕಳು ಮಾತ್ರ. ಸೊಸೆಗೆ ಕೊಡಲೋ ಬೇಡವೋ ಎಂದು ಮನಸ್ಸು ಹೊಯ್ದಾಡುತ್ತದೆ, ಹೆಪ್ಪು ಹುಳಿಯಾಗುತ್ತ ಬರುತ್ತದೆ. ಆಕಾಶ, ನಕ್ಷತ್ರ ಎಲ್ಲ ಬದಿಗಿರಲಿ, ಇಂಥ ಅತ್ತೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೇ ಅಂಥವಳಿದ್ದಳು.

ನಮ್ಮ ಪಡಸಾಲೆಗೆ ಬರುವವರಲ್ಲಿ ಬೀಳಗಿ ಕಡೆಯಿಂದ ಮದುವೆಯಾಗಿ ಬಂದವಳೊಬ್ಬಳಿದ್ದಾಳೆ. ಮೊದಲು ಅವಳು, ಅಲ್ಲಿ ಎಮ್ಮೆ ಎಲ್ಲಿಂದ ಬಂತು, ಹಾಲು ಎಲ್ಲಿಂದ ಬಂತು ಎಂದು ತಕರಾರು ತೆಗೆದಳು. ಬರೆದವರು ಅದನ್ನು ಹೇಳಿಲ್ಲ, ತಕರಾರು ಸರಿಯೇ ಇತ್ತು. ಆದರೆ ಹೆಪ್ಪಿನ ಗಡಿಗೆಯನ್ನು ಸೀರೆಯಲ್ಲಿ ಸುತ್ತಿ ವಿಮಾನ ಹತ್ತುವ ಪುಟ ಓದಿದಾಗ ಅವಳ ಕೈಯಲ್ಲಿದ್ದ ಬತ್ತಿ ಹಾಗೇ ನಿಂತಿತು. ಅವಳ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಗಿದೆ. ಊರು ಬಿಡುವಾಗ ಎಲ್ಲರೂ ಟ್ರಂಕು ಹೊತ್ತರೆ ಅವಳ ತಾಯಿ ಬೀಸುಕಲ್ಲು ಹೊತ್ತಿದ್ದಳಂತೆ. ಹೊಸ ಊರಿನಲ್ಲಿ ಗಿರಣಿ ಇತ್ತು, ಆ ಕಲ್ಲಿನಲ್ಲಿ ಯಾರೂ ಬೀಸಲಿಲ್ಲ, ಈಗ ಅದರ ಮೇಲೆ ನೀರಿನ ಕೊಡ ಇಡುತ್ತಾರಂತೆ. ಎಮ್ಮೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ.

ಇವನ್ನೆಲ್ಲ ಓದಿ ನನಗೊಂದು ಲೆಕ್ಕ ಸಿಕ್ಕಿತು. ಆಗದ ಸಂಗತಿ ಬರೆಯುವವರಿಗೆ ನಾನು ಒಂದು ಸುಳ್ಳು ಒಪ್ಪುತ್ತೇನೆ. ಸದ್ದು ಹೋಯಿತು ಎನ್ನಲಿ, ವಿಮಾನದಲ್ಲಿ ಏಳು ತಲೆಮಾರು ಬದುಕಿದರು ಎನ್ನಲಿ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಖರೆ ಇರಬೇಕು. ಎರಡನೆಯ ಸುಳ್ಳು ಬಂದರೆ ಪುಸ್ತಕ ಮುಚ್ಚುತ್ತೇನೆ. ಇದನ್ನು ಸೊಸೆಗೆ ಹೇಳುತ್ತಲೇ ಇದ್ದೆ. ಅವಳು ಹೂಂ ಎನ್ನುತ್ತ ರೊಟ್ಟಿ ಬಡಿಯುತ್ತಿದ್ದಳು. ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು ಎಂದು ಆಮೇಲೆ ತಿಳಿಯಿತು.

ಅವಳ ನೋಟ್‌ಬುಕ್ಕಿನಲ್ಲಿ ಇದ್ದದ್ದು ನಮ್ಮದೇ ಸೀಮೆ. ಮುಂದೆಂದೋ ಒಂದು ಕಾಲಕ್ಕೆ ಕಬ್ಬು ಯಾರೂ ಹಚ್ಚದೆ ತಾನೇ ಬೆಳೆಯಲು ಹತ್ತುತ್ತದೆ. ಅದೇ ಅವಳ ಒಂದು ಸುಳ್ಳು. ಹಿಪ್ಪರಗಿಯ ಬ್ಯಾರೇಜಿನ ಕೆಳಗೆ ಶುರುವಾಗಿ, ತುಬಚಿ ದಾಟಿ, ಊರುಗಳ ಸುತ್ತ ಬಂದು ನಿಲ್ಲುತ್ತದೆ. ಕಡಿದರೆ ಎರಡು ದಿನದಲ್ಲಿ ಅಷ್ಟೇ ಎತ್ತರ. ಕಾರ್ಖಾನೆ ಬಿದ್ದುಹೋಗಿದೆ, ರಸ್ತೆ ಕಾಣುವುದಿಲ್ಲ. ಜನ ಕಬ್ಬಿನೊಳಗೆ ಸುರಂಗದಂಥ ದಾರಿ ಮಾಡಿಕೊಂಡು ಮನೆಯಿಂದ ಮನೆಗೆ ಬಾಗಿ ನಡೆಯುತ್ತಾರೆ. ಕಬ್ಬು ಎಲ್ಲಿಗೆ ಮುಗಿಯುತ್ತದೆ ಎಂದು ಯಾರೂ ನೋಡಿಲ್ಲ. ಒಬ್ಬ ಹೆಂಗಸು, ನೋಡಿಯೇ ಬರುತ್ತೇನೆ ಎಂದು ಒಂದು ಆಡು ಹೊಡೆದುಕೊಂಡು ಹೊರಡುತ್ತಾಳೆ. ಆಡು ಸುಳಿ ತಿನ್ನುತ್ತ ದಾರಿ ಬಿಡಿಸುತ್ತದೆ, ಇವಳು ಹಿಂದೆ.

ಕೈಬರಹ ಸಣ್ಣದು, ದಿನಕ್ಕೆ ನಲವತ್ತು ಪುಟಕ್ಕಿಂತ ಹೆಚ್ಚು ಆಗಲಿಲ್ಲ. ಆದರೆ ನಲವತ್ತು ಪುಟ ಆಗದೆ ಎದ್ದದ್ದೂ ಇಲ್ಲ. ಕಬ್ಬಿನ ಎಲೆಯ ಅಂಚು ಕೊಯ್ದು ಮೈಯೆಲ್ಲ ಉರಿಯುವುದು, ಒಳಗೆ ಗಾಳಿಯಾಡದೆ ಬೆವರು ಒಣಗದಿರುವುದು, ಮೂರು ದಿನ ನಡೆದ ಮೇಲೆ ಸಿಹಿ ಎಂದರೆ ವಾಕರಿಕೆ ಬರುವುದು, ಎಲ್ಲ ಇತ್ತು. ದಾರಿಯಲ್ಲಿ ಒಂದು ಮನೆ ಸಿಗುತ್ತದೆ. ಅಲ್ಲಿಯ ಮುದುಕಿ ಉಪ್ಪಿನ ಗಂಟು ಬಚ್ಚಿಟ್ಟಿದ್ದಾಳೆ, ಕೇಳಿದರೆ ಇಲ್ಲ ಎನ್ನುತ್ತಾಳೆ. ಆಡು ವಾಸನೆ ಹಿಡಿದು ಅದನ್ನು ಹೊರಗೆಳೆಯುತ್ತದೆ. ಮುದುಕಿ ಬೈಯುವ ಬೈಗುಳ ನನ್ನದೇ. ಅದನ್ನೂ ದಾರ ಇಟ್ಟು ಹಿಡಿದಿಟ್ಟೆ.

ಆಡಂತೂ ನನಗೆ ಬಹಳ ಸೇರಿತು. ಹೆದರುತ್ತದೆ, ಹಟ ಮಾಡುತ್ತದೆ, ಇವಳ ಸೆರಗು ತಿನ್ನುತ್ತದೆ. ಎಲ್ಲಿಯೂ ಮನುಷ್ಯರಂತೆ ಯೋಚನೆ ಮಾಡುವುದಿಲ್ಲ. ನಾಲ್ಕು ನೋಟ್‌ಬುಕ್ಕಿಗೆ ನಲವತ್ತರ ಮೇಲೆ ದಾರ ಬಿದ್ದವು. ಯಾವ ಪುಸ್ತಕಕ್ಕೂ ನಾನು ಅಷ್ಟು ಇಟ್ಟವಳಲ್ಲ. ಕೆಂಪು, ಹಸಿರು, ಜರಿ, ಕೈಗೆ ಸಿಕ್ಕಿದ್ದು.

ಕೊನೆಯ ಹನ್ನೆರಡು ಪುಟ ಮಾತ್ರ ಕೆಟ್ಟಿದ್ದವು. ಅದನ್ನು ಮುಂದೆ ಹೇಳುತ್ತೇನೆ.

ಓದಿ ಮುಗಿಸಿದ್ದು ಒಂದು ಮುಂಜಾನೆ. ಸೊಸೆ ಆಗ ಬಸ್ಸಿಗೆ ಓಡುವ ಅವಸರದಲ್ಲಿದ್ದಳು. ಮುಧೋಳದಲ್ಲಿ ಅವಳ ಅಣ್ಣನ ಮಗುವಿಗೆ ಹೆಸರಿಡುವ ಕಾರ್ಯ, ನಾಲ್ಕು ದಿನ ಇದ್ದು ಬರುವವಳು. ಕೂತು ಮಾತಾಡಲು ಹೊತ್ತಿರಲಿಲ್ಲ. ನಾನೇ ನೋಟ್‌ಬುಕ್ಕುಗಳನ್ನು ಅವಳ ಚೀಲದಲ್ಲಿ ಇಟ್ಟು, “ಪೂರಾ ಓದೇನಿ. ದಾರ ಇಟ್ಟೇನಿ, ನೋಡ್ಕೋ” ಎಂದೆ.

ಇಷ್ಟು ಸಾಕು ಅಂದುಕೊಂಡೆ. ಹೊಗಳುವ ಬಾಯಿ ನನ್ನದಲ್ಲ. ನಲವತ್ತು ದಾರ ಇಟ್ಟಿದ್ದೇನೆ, ಇನ್ನೇನು ಹೇಳುವುದಿದೆ?

ಅವಳು ಚೀಲದ ಬಾಯಿ ತೆರೆದು ನೋಡಿದಳು. ಪುಟಗಳ ಅಂಚಿನಿಂದ ದಾರಗಳು ಗೋವಿನಜೋಳದ ತೆನೆಯ ಎಳೆಯಂತೆ ಹೊರಬಂದಿದ್ದವು. ತಟ್ಟನೆ ಮುಚ್ಚಿ ಚೀಲ ಹೆಗಲಿಗೆ ಹಾಕಿ ಹೋದಳು. ಬಸ್ಸಿನ ಅವಸರ ಎಂದು ನಾನು ತಿಳಿದೆ.

ಮೂರನೆಯ ದಿನ ಬೀಗತಿಯ ಫೋನ್ ಬಂತು. ಮೊದಲು ಕೂಸಿನ ಹೆಸರು ಹೇಳಿದಳು, ಪೇಢೆ ಕಳಿಸುತ್ತೇನೆ ಎಂದಳು. ಆಮೇಲೆ ದನಿ ಇಳಿಸಿ ಕೇಳಿದಳು: “ನನ್ನ ಮಗಳು ಬರದದ್ದು ಅಷ್ಟ ಕೆಟ್ಟ ಐತೇನ್ರಿ ಬೀಗತಿ? ಇಂದ ಮುಂಜಾನೆ ನೀರೊಲಿಗೆ ಹಾಕಾಕ ಹೊಂಟಿದ್ಲು. ನಾ ಕಸಗೊಂಡು ಹಿಟ್ಟಿನ ಡಬ್ಬಿ ಹಿಂದ ಇಟ್ಟೇನಿ.”

ನನಗೆ ಏನೂ ತಿಳಿಯಲಿಲ್ಲ. ಯಾರು ಕೆಟ್ಟದ್ದು ಅಂದರು ಎಂದು ಕೇಳಿದೆ. ಬೀಗತಿ ಎಲ್ಲ ಬಿಡಿಸಿ ಹೇಳಿದಳು.

ನಮ್ಮ ಬೀಗರು ರಬಕವಿಯ ಹಳೆಯ ನೇಕಾರರು, ಕೈಮಗ್ಗದ ಮುಂದೆ ಆಯುಷ್ಯ ಕಳೆದವರು. ಈಗ ಮಗನ ಜೊತೆ ಮುಧೋಳದಲ್ಲಿದ್ದಾರೆ. ಅವರ ಕಾಲದಲ್ಲಿ ನೇಯ್ದ ಸೀರೆ ಸಾಹುಕಾರರ ಅಂಗಡಿಗೆ ಹೋದರೆ, ಅಲ್ಲಿ ಸೀರೆ ಪಾಸ್ ಮಾಡುವವನೊಬ್ಬ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಎಳೆ ಕಡಿದಲ್ಲಿ, ಡಾಗು ಬಿದ್ದಲ್ಲಿ, ಅಂಚು ಎಳೆದಲ್ಲಿ ಒಂದೊಂದು ತುಂಡು ದಾರ ಸಿಕ್ಕಿಸಿ ಇಡುತ್ತಿದ್ದ. ಒಂದು ದಾರ ಒಂದು ತಪ್ಪು. ನಾಲ್ಕಾರು ದಾರ ಬಿದ್ದರೆ ಸೀರೆ ವಾಪಸ್. ಸೊಸೆ ಹುಡುಗಿಯಾಗಿದ್ದಾಗ ಆ ದಾರಗಳನ್ನು ಎಣಿಸಿದ ಮೇಲೆಯೇ ಅಪ್ಪನ ಮುಖ ನೋಡುತ್ತಿದ್ದಳಂತೆ. ಈಗ ಅವಳು ನೋಟ್‌ಬುಕ್ಕುಗಳನ್ನು ಅಪ್ಪನ ಮುಂದಿಟ್ಟಿದ್ದಾಳೆ. ಅವರು ಓದಿಲ್ಲ, ದಾರ ಮಾತ್ರ ಎಣಿಸಿ, ಇಷ್ಟು ದಾರ ಬಿದ್ದ ಸೀರೆ ತಾನು ಜನ್ಮದಲ್ಲಿ ನೇಯ್ದಿಲ್ಲ ಎಂದಿದ್ದಾರೆ.

ಈ ಪದ್ಧತಿ ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಏನು, ನಾನೂ ನೇಕಾರರ ಮನೆತನದವಳು. ಆದರೆ ನಾನು ಕಂಡಿಕೆ ಸುತ್ತಿದವಳು, ಸೀರೆ ಪಾಸ್ ಮಾಡುವ ಅಂಗಡಿಗೆ ಹೆಂಗಸರು ಹೋಗುತ್ತಿರಲಿಲ್ಲ. ದಾರ ಎಂದರೆ ನನಗೆ ಪುಟ ಹಿಡಿಯುವ ಸಾಧನ ಅಷ್ಟೇ. ತಪ್ಪು ನನ್ನದು. ಒಂದು ಮಾತು ಬಾಯಿ ಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು.

ಫೋನಿನಲ್ಲಿ ಹೇಳಬಹುದಿತ್ತು. ಸೊಸೆಯನ್ನು ಕರೆಯಿರಿ ಎಂದೆ, ಕರೆದರೆ ಬರಲಿಲ್ಲ, ಕೂಸಿಗೆ ಎಣ್ಣೆ ಹಚ್ಚುತ್ತಿದ್ದೇನೆ ಎಂದಳಂತೆ. ಎಣ್ಣೆ ಹಚ್ಚುವುದು ಎಷ್ಟು ಹೊತ್ತಿನ ಕೆಲಸ ಎಂದು ನನಗೆ ಗೊತ್ತಿಲ್ಲವೆ? ಸೀರೆ ಬದಲಿಸಿ, ಮಹಾಲಿಂಗಪುರದ ಮೇಲೆ ಹೋಗುವ ಮುಧೋಳದ ಬಸ್ಸು ಹತ್ತಿದೆ.

ದೀಪಾವಳಿಗೆ ಹನ್ನೊಂದು ದಿನ ಇತ್ತು. ಕಬ್ಬಿನ ಹಂಗಾಮು ಶುರುವಾಗಿತ್ತು. ಬಸ್ಸಿನ ಮುಂದೆ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು, ಅದರ ಮುಂದೆ ಇನ್ನೊಂದು. ಬಸ್ಸು ತೆವಳುತ್ತ ಸಾಗಿತು. ನಾನು ಕಿಟಕಿಯ ಹತ್ತಿರ ಕೂತಿದ್ದೆ. ಆ ರಸ್ತೆಯಲ್ಲಿ ಎಷ್ಟು ಸಲ ಓಡಾಡಿಲ್ಲ, ಕಬ್ಬನ್ನು ಎಂದೂ ಕಣ್ಣೆತ್ತಿ ನೋಡಿದವಳಲ್ಲ. ಅಂದು ಎರಡೂ ಕಡೆಯ ಕಬ್ಬು ರಸ್ತೆಗೆ ಬಾಗಿದ್ದನ್ನು ನೋಡಿ, ನಿನ್ನೆ ಇಷ್ಟು ಹತ್ತಿರ ಇತ್ತೋ ಇಲ್ಲವೋ ಎಂದು ಅನುಮಾನ ಬಂತು. ಕಡಿದ ಹೊಲದಲ್ಲಿ ಒಂದು ಆಡು ಕಬ್ಬಿನ ಒಣ ಎಲೆಯ ರವದಿ ಮೇಯುತ್ತಿತ್ತು. ಬಸ್ಸು ದಾಟಿ ಹೋಗುವವರೆಗೂ ಅದನ್ನೇ ನೋಡಿದೆ. ಫಾಲ್ ಹಚ್ಚುವ ಹುಡುಗಿ ಬರೆದದ್ದು ನನ್ನ ಕಣ್ಣಿನೊಳಗೆ ಹೊಕ್ಕಿದೆ ಎಂದು ಆಗ ತಿಳಿಯಿತು. ಅಷ್ಟು ಮಾಡಲು ಉಳಿದ ಮೂರು ಪುಸ್ತಕಕ್ಕೂ ಆಗಿರಲಿಲ್ಲ.

ಬೀಗರ ಮನೆಗೆ ಮುಟ್ಟಿದಾಗ ಬೀಗರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಬರ್ರಿ, ಕೂಡ್ರಿ ಎಂದರು, ಆದರೆ ಮುಖ ಬಿಗಿಯಾಗಿತ್ತು. ನಾನು ಚಪ್ಪಲಿ ಬಿಟ್ಟು ನೇರ ಅಡಿಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಹಿಂದಿನಿಂದ ನೋಟ್‌ಬುಕ್ಕು ತೆಗೆದೆ. ಎರಡನೆಯದರ ರಟ್ಟಿನ ಅಂಚು ಒಲೆಯ ಮಸಿ ಹಿಡಿದು ಕಪ್ಪಾಗಿತ್ತು. ಸೊಸೆ ಒಳಮನೆಯಿಂದ ಬಂದು ಬಾಗಿಲಿಗೆ ನಿಂತಳು.

“ನೀವ್ಯಾಕ ಬಂದ್ರಿ ಅತ್ತೀ, ನಾ ನಾಳೆ ಬರ್ತಿದ್ದೆ.”

“ಕೂಡು” ಎಂದೆ.

ಮೊದಲ ದಾರ ಇದ್ದ ಪುಟ ತೆರೆದು ಓದಿದೆ. ಪಡಸಾಲೆಯಲ್ಲಿ ಓದುವ ದನಿಯಲ್ಲೇ ಓದಿದೆ, ಮಗ್ಗದ ಓಣಿಯವರ ದನಿ ಸಣ್ಣದಲ್ಲ. ಎರಡನೇ ದಾರ, ಮೂರನೇ ದಾರ. ಬೀಗತಿ ಕೈ ಒರೆಸುತ್ತ ಬಂದು ಕೂತಳು. ಉಪ್ಪಿನ ಗಂಟಿನ ಪುಟಕ್ಕೆ ಬರುವ ಹೊತ್ತಿಗೆ ಬೀಗರು ಹೊಸ್ತಿಲ ಮೇಲೆ ಬಂದು ಕೂತಿದ್ದರು. ಮುದುಕಿ ಆಡಿಗೆ ಬೈದದ್ದನ್ನು ಓದಿದಾಗ ಅವರು ನಕ್ಕರು, ನಕ್ಕು ಕೆಮ್ಮಿದರು. ಅವರಿಗೂ ಅದು ಯಾರ ಬಾಯಿ ಎಂದು ಗೊತ್ತಾಗಿರಬೇಕು.

ಸೊಸೆ ನೋಟ್‌ಬುಕ್ಕನ್ನು ನೋಡುತ್ತ ಕೇಳಿದಳು: “ಹಂಗಾರ ಇವು ತಪ್ಪಿನ ದಾರ ಅಲ್ಲರಿ?”

“ತಪ್ಪು ನನಗ ನೆನಪ ಇರ್ತಾವ. ಅದಕ್ಕ ದಾರ ಯಾಕ ಬೇಕು? ಛಲೋ ಇದ್ದದ್ದು ಎರಡನೇ ಸಲ ಓದಾಕ ಸಿಗಂಗಿಲ್ಲ, ಅದಕ್ಕ ಇಡ್ತೀನಿ.”

ಅವಳು ನಾಲ್ಕನೆಯ ನೋಟ್‌ಬುಕ್ ತೆಗೆದುಕೊಂಡಳು. ಕೊನೆಯ ಪುಟಗಳನ್ನು ಸರಸರ ತಿರುವಿದಳು. ಆ ಹನ್ನೆರಡು ಪುಟಗಳಲ್ಲಿ ಒಂದು ಎಳೆಯೂ ಇರಲಿಲ್ಲ.

“ನಾ ಇದೊಂದ ಪಾಸ್ ಆಗೇತಿ ಅನ್ಕೊಂಡಿದ್ದೆ” ಎಂದಳು.

“ಅದೊಂದ ಫೇಲ್.”

ಬೀಗತಿ ನನ್ನ ಕಡೆ ನೋಡಿದಳು. ಈಗಷ್ಟೆ ಒಂದು ಮನಸ್ಸು ಸರಿಹೋಗಿದೆ, ಇವಳು ಮತ್ತೆ ಶುರುಮಾಡಿದಳಲ್ಲ ಎನ್ನುವ ನೋಟ ಅದು. ಆದರೆ ಸುಳ್ಳು ಹೇಳುವುದಿಲ್ಲ ಎಂದು ಮೊದಲ ದಿನವೇ ಹೇಳಿ ನೋಟ್‌ಬುಕ್ ಕೈಗೆ ತೆಗೆದುಕೊಂಡವಳು ನಾನು. ಆ ಹನ್ನೆರಡು ಪುಟದಲ್ಲಿ ಏನಿತ್ತೆಂದರೆ, ಹೆಂಗಸು ಇನ್ನೇನು ಬೀಳಬೇಕು ಎನ್ನುವಾಗ ಹೆಲಿಕಾಪ್ಟರ್ ಬರುತ್ತದೆ. ಅದರಲ್ಲಿ ಒಬ್ಬ ಅಧಿಕಾರಿ, ಕೈಯಲ್ಲಿ ಕಬ್ಬು ಒಣಗಿಸುವ ಔಷಧ. ಎಲ್ಲ ಸರಿಹೋಗುತ್ತದೆ. ಇವಳಿಗೆ ಹಾರ ಹಾಕುತ್ತಾರೆ, ಇವಳು ಭಾಷಣ ಮಾಡುತ್ತಾಳೆ. ಅದು ಎರಡನೆಯ ಸುಳ್ಳು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು.

“ಆಡು ಎಲ್ಲಿ ಹೋತು?” ಎಂದು ಕೇಳಿದೆ.

“ಆಡ?”

“ಮುನ್ನೂರ ಪುಟ ಆಕಿ ಜೋಡಿ ನಡದೈತಿ. ಹೆಲಿಕಾಪ್ಟರ್ ಬಂದ ಕೂಡ್ಲೆ ನೀ ಅದನ್ನ ಕಬ್ಬಿನಾಗ ಬಿಟ್ಟು ಹತ್ತಿದಿ.”

ಅವಳು ಮತ್ತೆ ಪುಟ ತಿರುವಿದಳು, ಆಡನ್ನು ಹುಡುಕುವವಳಂತೆ. ಇರಲಿಲ್ಲ. ದಿನ ಕಡಿಮೆ ಇದ್ದವು, ಓದುವವರಿಗೆ ಸುಖವಾಗಿ ಮುಗಿದರೆ ಸೇರುತ್ತದೆ ಎಂದು ಬೇಗ ಬೇಗ ಬರೆದೆ ಎಂದಳು. ಬರೆಯುವಾಗಲೇ ಕೈ ತಡೆಯುತ್ತಿತ್ತಂತೆ. ಅದಕ್ಕೇ, ನಾನು ಅಲ್ಲಿ ದಾರ ಇಟ್ಟಿಲ್ಲ ಎಂದು ಕಂಡಾಗ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಗಾಬರಿಯಾದದ್ದು: ತನಗೆ ಕೆಟ್ಟದ್ದು ಅನಿಸಿದ್ದೇ ಅತ್ತೆಗೆ ಛಲೋ ಅನಿಸಿದ್ದರೆ, ತನಗೆ ಬರವಣಿಗೆಯ ಗಂಧವೇ ಇಲ್ಲ ಎಂದು. ನೀರೊಲೆಯ ತನಕ ಹೋದದ್ದು ಆ ವಿಚಾರಕ್ಕೆ.

ಹಾಗಾದರೆ ಕೊನೆಗೆ ಆಡು ಏನು ಮಾಡಬೇಕು ಅಂತೀರಿ ಎಂದು ಕೇಳಿದಳು. ಆಡು ನಿನ್ನದು, ನನ್ನನ್ನು ಏನು ಕೇಳುತ್ತೀ ಎಂದೆ. ಅಲ್ಲಿಗೆ ಚಹಾ ಬಂತು.

ಮರುದಿನ ಇಬ್ಬರೂ ಬನಹಟ್ಟಿಗೆ ಬಂದೆವು. ಅವಳು ಅಂಗಡಿಗೆ ನಾಲ್ಕು ದಿನ ಬೀಗ ಹಾಕಿದಳು. ದೀಪಾವಳಿಯ ಸೀರೆಗಳು ಕಟ್ಟು ಕಟ್ಟು ಬಿದ್ದಿದ್ದವು, ಗಿರಾಕಿಗಳು ಮನೆಗೆ ಬಂದು ಕೂಗಾಡಿದರು. ನಾನೇ ಬಾಗಿಲಿಗೆ ಕೂತು ಅವರಿಗೆ ಉತ್ತರ ಕೊಟ್ಟೆ. ಒಬ್ಬಾಕೆ, ನಿಮ್ಮ ಸೊಸೆಗೆ ಏನಾಗಿದೆ ಎಂದು ಕೇಳಿದಳು. ಅವಳ ಆಡು ಕಳೆದಿದೆ, ಹುಡುಕುತ್ತಿದ್ದಾಳೆ ಎಂದೆ. ಮಗ್ಗದ ಮನೆಯವರಿಗೆ ಆಡು ಎಲ್ಲಿಯದು ಎಂದು ಗೊಣಗುತ್ತ ಹೋದಳು.

ಐದನೆಯ ದಿನ ಮಧ್ಯಾಹ್ನ ಹೊಸ ಕೊನೆ ತಂದು ಕೊಟ್ಟಳು. ಹನ್ನೆರಡು ಪುಟ ಇದ್ದದ್ದು ಮೂರು ಪುಟ ಆಗಿತ್ತು. ಹೆಲಿಕಾಪ್ಟರ್ ಇಲ್ಲ, ಹಾರ ಇಲ್ಲ. ಹೆಂಗಸು ಕಬ್ಬಿನ ಅಂಚಿಗೆ ಬಂದು ಮುಟ್ಟುತ್ತಾಳೆ. ಮುಂದೆ ಬಯಲು, ಬಿಸಿಲು, ಕಣ್ಣು ಮುಟ್ಟುವ ತನಕ ಏನೂ ಇಲ್ಲ. ಇವಳು ಹೊರಗೆ ಕಾಲಿಡುತ್ತಾಳೆ. ಆಡು ಬರುವುದಿಲ್ಲ. ಅದು ಹುಟ್ಟಿದ್ದೇ ಕಬ್ಬಿನೊಳಗೆ, ಬಯಲು ಕಂಡದ್ದಿಲ್ಲ. ಮುಂದಿನ ಎರಡು ಕಾಲು ಮಣ್ಣಿನ ಮೇಲಿಟ್ಟು, ಹಿಂದಿನ ಎರಡು ಕಾಲು ಕಬ್ಬಿನಲ್ಲಿಟ್ಟು ನಡುಗುತ್ತ ನಿಲ್ಲುತ್ತದೆ. ಇವಳು ಎಳೆಯುವುದಿಲ್ಲ, ಕರೆಯುವುದಿಲ್ಲ. ಬಿಸಿಲಿನಲ್ಲಿ ಕೂತು, ಅದು ಬರಲಿ ಎಂದು ಕಾಯುತ್ತಾಳೆ. ಅಷ್ಟಕ್ಕೇ ಮುಗಿಯುತ್ತದೆ.

ನಾನು ಓದುವಾಗ ಅವಳು ಕಂಬಕ್ಕೆ ಒರಗಿ ನಿಂತಿದ್ದಳು. ನನ್ನ ಹತ್ತಿರ ದಾರ ಇರಲಿಲ್ಲ, ಅವತ್ತು ಮಗ್ಗದ ಕೆಳಗೆ ಕಸ ಗುಡಿಸಿಬಿಟ್ಟಿದ್ದರು. ಸೆರಗಿನ ತುದಿಯಿಂದ ಎಳೆ ಕಿತ್ತು ಇಟ್ಟೆ. ಮೊದಲ ಪುಟಕ್ಕೆ ಒಂದು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದು. ಅವಳು ನೋಡಿದಳು, ಒಳಗೆ ಹೋಗಿ ರೊಟ್ಟಿಗೆ ನೀರಿಟ್ಟಳು.

ಪಾರ್ಸಲ್ ಕಟ್ಟುವಾಗ ದಾರ ಎಲ್ಲ ತೆಗೆಸಿದೆ. ಧಾರವಾಡದವರು ಏನೆಂದು ತಿಳಿಯುತ್ತಾರೋ ಯಾರಿಗೆ ಗೊತ್ತು. ಈ ಸಲ ಬುದ್ಧಿ ಬಂದಿತ್ತು, ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ಮಾಡಿಸಿಟ್ಟುಕೊಂಡಳು. ನಾನು ಅದರಲ್ಲಿ ಮತ್ತೆ ದಾರ ಇಟ್ಟುಕೊಂಡು ಮಗ್ಗ ಬಂದ್ ಇದ್ದ ದಿನ ಪಡಸಾಲೆಯಲ್ಲಿ ಓದಿದೆ. ಆಡು ಕೊನೆಗೆ ಬಂತೋ ಇಲ್ಲವೋ ಎಂದು ಇನ್ನೂ ಜಗಳ ನಡೆದಿದೆ. ಬರುತ್ತದೆ ಎಂದು ಬೀಳಗಿ ಕಡೆಯವಳ ಹಟ.

ಧಾರವಾಡದಿಂದ ಈ ತನಕ ಉತ್ತರ ಬಂದಿಲ್ಲ. ಬೀಗರು ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಾರೆ. ಪಾರ್ಸಲ್ ಹೋದ ದಿನ ಮಗಳ ಹತ್ತಿರ ಮಾತಾಡಿದ ಮೇಲೆ ಫೋನನ್ನು ನನಗೆ ಕೊಡಿಸಿದ್ದರು.

“ಹೊಸಾ ಕೊನಿ ಎಷ್ಟ ಪುಟ ಐತ್ರಿ ಬೀಗತಿ?”

“ಮೂರು.”

“ದಾರ ಎಷ್ಟ ಬಿದ್ದಾವು?”

“ಮೂರು.”

ಅವರು ಆಯುಷ್ಯವೆಲ್ಲ ದಾರ ಬೀಳದಿರಲಿ ಎಂದು ನೇಯ್ದವರು.

“ಹಂಗಾರ ಪಾಸ್ ಅನ್ರಿ.”

ಪಾಸೋ ಫೇಲೋ ಧಾರವಾಡದವರು ಹೇಳಲಿ, ನಾನು ಓದಿದ್ದಂತೂ ಆಯಿತು ಎಂದು ಹೇಳಿ ಫೋನ್ ಇಟ್ಟೆ. ಸೊಸೆ ಅಂಗಡಿಯ ಬೀಗದಕೈ ತೆಗೆದುಕೊಂಡು ಚಪ್ಪಲಿ ಮೆಟ್ಟುತ್ತಿದ್ದಳು. ಅವಳ ಕಂಕುಳಲ್ಲಿ ಹೊಸದೊಂದು ಉದ್ದನೆಯ ನೋಟ್‌ಬುಕ್ ಇತ್ತು. ರವಿಕೆಯ ಅಳತೆಗೆ ಎಂದಳು. ನಾನು ಹೂಂ ಎಂದೆ.